ಮುನಿಸಿಪಾಲ್ಟಿ ಶಾಲೇಲಿ ಒಂದು ಪ್ರಾಕ್ಟಿಕಲ್ ದಿನ

ಎಂ.ಎ. ಎಜುಕೇಶನಲ್ ಸೈಕಾಲಜಿ ಮಾಡ್ತಾ ಇದ್ದೀನಿ ಅಂದಾಗ ಡೊಂಬಿವಲಿಯ ನಮ್ಮ ಬಿಲ್ಡಿಂಗಿನವರು, ಊರಿನ ನೆಂಟರು ಎಲ್ಲ ಕೇಳೋದು ಒಂದೇ, ಹಂಗಾದ್ರೆ ಮುಂದೆ ತಲೆ ಕೆಟ್ಟವರ ಡಾಕ್ಟರ್ ಆಗ್ತೀಯಾ ಅಂತ. ಅಲ್ಲ. ಮಕ್ಕಳು ಹೇಗೆ ಕಲೀತಾರೆ, ಕೆಲವರಿಗೆ ಪಾಠ ಯಾಕೆ ತಲೆಗೆ ಹತ್ತಲ್ಲ, ಅಲ್ಲಿ ಶಾಲೆ ಏನು ಮಾಡಬಹುದು ಅನ್ನೋದರ ಓದು ಇದು. ಸುಮಾರು ವರ್ಷ ಪ್ರೈಮರಿ ಟೀಚರಾಗಿದ್ದು ಆಮೇಲೆ ಈ ಕೋರ್ಸಿಗೆ ಸೇರಿದೆ, ಯಾಕಂದ್ರೆ ಪ್ರತಿ ವರ್ಷ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಸುಮ್ನೆ ಕೂತಿರೋ ಒಂದಿಬ್ಬರು ಮಕ್ಕಳು ಇರ್ತಿದ್ರು, ಅವರ ಬಗ್ಗೆ ಸ್ಟಾಫ್ ರೂಮಲ್ಲಿ ಎಲ್ಲರ ಹತ್ರಾನೂ ಇದ್ದ ಉತ್ತರ "ಸ್ಲೋ" ಅನ್ನೋದಷ್ಟೇ. ಆ ಉತ್ತರ ನನಗೆ ಯಾವತ್ತೂ ಸಾಕಾಗಿಲ್ಲ.

ಎರಡನೇ ವರ್ಷದಲ್ಲಿ ಕೇಸ್ ಸ್ಟಡಿ ಮಾಡಬೇಕು. ಒಂದು ಮಗುವನ್ನ ತಗೊಂಡು, ಅಪ್ಪ ಅಮ್ಮನ ಒಪ್ಪಿಗೆ ಪತ್ರ ತಗೊಂಡು, ಟೆಸ್ಟ್ ಮಾಡಿ, ಮಾತಾಡಿಸಿ, ರಿಪೋರ್ಟ್ ಬರೀಬೇಕು. ನಾನು ಕನ್ನಡ ಮೀಡಿಯಂ ಶಾಲೆಯ ಮಗುನೇ ಬೇಕು ಅಂತ ಹಟ ಹಿಡಿದೆ. ಹೊರಗಿನವರಿಗೆ ಗೊತ್ತಿರಲ್ಲ, ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತೆ, ಅದರಲ್ಲಿ ಕನ್ನಡಾನೂ ಒಂದು. ಹೋಟೆಲ್ ಕೆಲಸದವರ ಮಕ್ಕಳು, ಕಲಬುರಗಿ ಯಾದಗಿರಿ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರ ಮಕ್ಕಳು ಅಲ್ಲಿ ಓದ್ತಾರೆ. ನಮ್ಮ ಗೈಡ್ ಮೇಡಂ ಮರಾಠಿಯವರು, ಅವರಿಗೆ ನನ್ನ ಹಟ ಇಷ್ಟ ಆಯ್ತು, "ಆದ್ರೆ ಟೆಸ್ಟ್ ಯಾವ ಭಾಷೇಲಿ ಮಾಡ್ತೀಯಾ ಯೋಚಿಸು" ಅಂದ್ರು. ಇಡೀ ಕೇಸಿನ ಜೀವಾಳ ಆ ಮಾತಲ್ಲೇ ಇತ್ತು.

ಆವತ್ತು ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನ್ ಹಿಡಿದು ಶಾಲೆಗೆ ಹೋದೆ. ಹುಡುಗ ಮೂರನೇ ಕ್ಲಾಸು. ಹೆಸರು ಬರೆಯೋ ಹಾಗಿಲ್ಲ, ರಿಪೋರ್ಟಲ್ಲೂ "ಮ" ಅಂತಷ್ಟೇ ಇದೆ, ಇಲ್ಲೂ ಹುಡುಗ ಅಂತಲೇ ಇರಲಿ. ಅವನ ಬಗ್ಗೆ ಶಾಲೆಯವರು ಬರೆದು ಕೊಟ್ಟಿದ್ದು ಒಂದೇ ಸಾಲು, ಬುದ್ಧಿ ಮಂದ ಇರಬಹುದು, ಓದೋಕೆ ಬರೋದಿಲ್ಲ, ಟೆಸ್ಟ್ ಮಾಡಿ ತಿಳಿಸಿ. ಮೇಷ್ಟ್ರು ಕೆಟ್ಟವರೇನಲ್ಲ, ಎರಡು ಕ್ಲಾಸಿನ ಮಕ್ಕಳನ್ನ ಒಂದೇ ರೂಮಲ್ಲಿ ಕೂರಿಸಿಕೊಂಡು ಪಾಠ ಮಾಡ್ತಿದ್ರು, ಮೇಲೆ ಸರ್ವೆ, ಇಲೆಕ್ಷನ್ ಡ್ಯೂಟಿ. ಆದ್ರೂ ಆ ಒಂದು ಸಾಲು ಒಂದು ಮಗುವಿನ ಬೆನ್ನಿಗೆ ಎಷ್ಟು ವರ್ಷ ಅಂಟಿಕೊಳ್ಳುತ್ತೆ ಅಂತ ಯೋಚನೆ ಮಾಡಿದ್ರೆ ಸಂಕಟ ಆಗುತ್ತೆ.

ಹುಡುಗ ಬಂದು ಕೂತ, ನಾನು ಬಾಯಿ ತೆಗೆಯೋ ಮೊದಲೇ ಹೇಳಿದ, "ನನಗ ಓದ್ಲಿಕ್ಕಿ ಬರಂಗಿಲ್ರಿ ಟೀಚರ್." ಎಂಟು ವರ್ಷದ ಮಗು ತನ್ನ ಪರಿಚಯ ಮಾಡಿಕೊಂಡಿದ್ದೇ ಹೀಗೆ.

ನಮ್ಮ ಡಿಪಾರ್ಟ್‌ಮೆಂಟಲ್ಲಿ ಬುದ್ಧಿ ಅಳೆಯೋಕೆ ಇರೋ ಕಿಟ್ಟು ಮಲಿನ್ ಸ್ಕೇಲು, ವೆಕ್ಸ್ಲರ್ ಅನ್ನೋ ಬುದ್ಧಿ ಪರೀಕ್ಷೆಯನ್ನ ನಮ್ಮ ದೇಶದ ಮಕ್ಕಳಿಗೆ ಹೊಂದಿಸಿ ಮಾಡಿದ್ದು. ಅದರ ಅರ್ಧ ಭಾಗ ಮಾತಿನದ್ದು, ಶಬ್ದದ ಅರ್ಥ ಹೇಳು, ಲೆಕ್ಕ ಕೇಳಿ ಉತ್ತರ ಹೇಳು, ಈ ತರ. ನಮ್ಮಲ್ಲಿರೋದು ಹಿಂದಿ, ಮರಾಠಿ, ಇಂಗ್ಲಿಷಿನದು. ಹುಡುಗನಿಗೆ ಹಿಂದಿ ಬರುತ್ತಲ್ಲ, ಹಿಂದಿಯಲ್ಲೇ ಮಾಡಿಬಿಡಿ ಅಂತ ಶಾಲೇಲಿ ಹೇಳಿದ್ರು. ಬರುತ್ತೆ ನಿಜ, ವಡಾಪಾವ್ ಗಾಡಿಯವನ ಹತ್ರ ಚೌಕಾಸಿ ಮಾಡುವಷ್ಟು, ಓಣಿಯಲ್ಲಿ ಕ್ರಿಕೆಟ್ ಆಡುವಷ್ಟು ಚೆನ್ನಾಗಿಯೇ ಬರುತ್ತೆ. ಆದ್ರೆ ಆಟದ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಜಿಮ್ ಕಮಿನ್ಸ್ ಅನ್ನೋ ಭಾಷಾ ಕಲಿಕೆಯ ಸಂಶೋಧಕರು 1979ರಲ್ಲೇ ಇದನ್ನ ಬಿಡಿಸಿ ಹೇಳಿದ್ದಾರೆ, ಆಮೇಲೆ ಇದನ್ನೂ ಹೇಳಿದ್ರು, ಹೊಸ ಭಾಷೇಲಿ ಮಗು ಒಂದೆರಡು ವರ್ಷದಲ್ಲಿ ಸರಾಗ ಮಾತಾಡುತ್ತೆ, ಅದೇ ಭಾಷೇಲಿ ಯೋಚಿಸಿ ಓದಿ ಬರೆಯೋ ಮಟ್ಟಕ್ಕೆ ಬರೋಕೆ ಐದು ವರ್ಷಕ್ಕೂ ಹೆಚ್ಚು ಬೇಕಾಗುತ್ತೆ ಅಂತ. ಅರಳು ಹುರಿದ ಹಾಗೆ ಮಾತಾಡ್ತಾನೆ, ಪುಸ್ತಕ ಕೊಟ್ರೆ ಮಾತ್ರ ಮೂಕ ಅಂತ ಟೀಚರ್‌ಗಳು ಬೇಜಾರಾಗ್ತಾರಲ್ಲ, ಎಷ್ಟೋ ಸಲ ಕಾರಣ ಇದೇ. ಹಂಗಾಗಿ ಮಾತಿನ ಭಾಗ ನಾನು ಮುಟ್ಟಲೇ ಇಲ್ಲ, ಯಾಕೆ ಮುಟ್ಟಿಲ್ಲ ಅಂತ ರಿಪೋರ್ಟಲ್ಲಿ ಒಂದು ಪೂರ್ತಿ ಪ್ಯಾರಾ ಬರೆದೆ.

ಅದರ ಬದಲು ರೇವನ್ ಅವರ ಕಲರ್ಡ್ ಮ್ಯಾಟ್ರಿಸಸ್ ಅನ್ನೋ ಚಿತ್ರದ ಬುದ್ಧಿ ಪರೀಕ್ಷೆ ತೆಗೆದೆ. ಒಟ್ಟು 36 ಚಿತ್ರ, ಪ್ರತಿ ಚಿತ್ರದಲ್ಲೂ ಒಂದು ತುಂಡು ಇಲ್ಲ, ಕೆಳಗಿರೋ ಆರರಲ್ಲಿ ಸರಿಯಾದ್ದಕ್ಕೆ ಬೆರಳು ಇಟ್ಟರೆ ಸಾಕು, ಓದು ಬರಹ ಬೇಕಿಲ್ಲ. ಮೊದಲ ಒಂದೆರಡಕ್ಕೆ ನನ್ನ ಮುಖ ನೋಡ್ತಾ ಹೆದರಿ ಹೆದರಿ ಬೆರಳಿಟ್ಟ, ಆಮೇಲೆ ಮುಖ ನೋಡೋದೇ ಬಿಟ್ಟ. ಕಷ್ಟದ ಚಿತ್ರಗಳು ಬಂದಾಗ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ನೋಡಿ, "ಇದು ಇಲ್ಲಿ ಕುಂದರ್ತದ ನೋಡ್ರಿ" ಅಂತ ತನಗೆ ತಾನೇ ಹೇಳಿಕೊಳ್ಳೋನು. ಮುಗಿದ ಮೇಲೆ "ಇನ್ನ ಅದಾವೇನ್ರಿ?" ಅಂತ ಕೇಳಿದ. ಅವನ ಸ್ಕೋರು ಅವನ ವಯಸ್ಸಿಗೆ ಸರಿಯಾಗೇ ಇತ್ತು, ಬುದ್ಧಿ ಮಂದ ಅನ್ನೋ ಮಾತಿಗೆ ಅಲ್ಲಿ ಜಾಗವೇ ಇರ್ಲಿಲ್ಲ.

ಹಾಗಾದ್ರೆ ಓದು ಯಾಕೆ ಬರ್ತಿಲ್ಲ? ಊಟದ ಬಿಡುವು ಮುಗಿದ ಮೇಲೆ ನಾನೇ ಬರೆದುಕೊಂಡು ಹೋಗಿದ್ದ ಕನ್ನಡ ಪದಗಳ ಚೀಟಿಗಳನ್ನ ಇಟ್ಟೆ. ಮರ, ಬಸವ ಸಲೀಸು. ಕಾಗುಣಿತದಲ್ಲಿ ದೀರ್ಘ ಬಂದ್ರೆ ಒಂಚೂರು ತಡವರಿಸೋನು, ಅಕ್ಕ, ಅಪ್ಪ ಓದಿದ. "ಪುಸ್ತಕ" ಬಂತು ನೋಡಿ, "ಪುಸಕ" ಅಂದ. ಅಕ್ಷರದ ಕೆಳಗೆ ಬೇರೆ ಅಕ್ಷರದ ಒತ್ತು ಬಂದ್ರೆ ಅದು ಅವನ ಕಣ್ಣಿಗೇ ಬೀಳ್ತಿರ್ಲಿಲ್ಲ. ನಮ್ಮ ಲಿಪಿಯ ವಿಷಯ ಇದು, ವರ್ಣಮಾಲೆಯಲ್ಲಿ 49 ಅಂತ ಹೇಳ್ತೀವಿ, ಕಾಗುಣಿತ ಒತ್ತಕ್ಷರ ಸೇರಿದ್ರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಸೊನಾಲಿ ನಾಗ್ ಅವರು ಕರ್ನಾಟಕದ ಮಕ್ಕಳ ಮೇಲೆ ಮಾಡಿದ ಅಧ್ಯಯನ 2007ರಲ್ಲಿ ಬಂತು, ನಾಲ್ಕನೇ ಕ್ಲಾಸಿಗೆ ಬಂದ್ರೂ ಅಕ್ಷರ ಕಲಿಕೆ ಇನ್ನೂ ನಡೀತಾನೇ ಇರುತ್ತೆ ಅಂತ ಅದರಲ್ಲಿದೆ. ಊರಲ್ಲೇ ಒಂದೇ ಶಾಲೇಲಿ ಇರೋ ಮಕ್ಕಳಿಗೇ ಅಷ್ಟು ಕಾಲ ಬೇಕು. ಈ ಹುಡುಗ ಒಂದನೇ ಕ್ಲಾಸು ಊರಲ್ಲಿ ಅರ್ಧ, ಆಮೇಲೆ ಅಪ್ಪ ಅಮ್ಮನ ಬಿಲ್ಡಿಂಗ್ ಕೆಲಸದ ಸೈಟು ಪುಣೇಲಿ ಇದ್ದಾಗ ಶಾಲೇನೇ ಇಲ್ಲ, ಎರಡನೇ ಕ್ಲಾಸು ಮಧ್ಯದಲ್ಲಿ ಇಲ್ಲಿ ಬಂದು ಸೇರಿದ್ದು. ಒತ್ತಕ್ಷರ ಕಲಿಸೋ ಹೊತ್ತಿಗೆ ಅವನು ಯಾವ ಕ್ಲಾಸಲ್ಲೂ ಇರ್ಲೇ ಇಲ್ಲ.

ಇಲ್ಲಿಗೆ ನಿಲ್ಲಿಸಿ ಅಂಕ ಬರೆದುಕೊಂಡು ಎದ್ದು ಬರಬಹುದಿತ್ತು. ಆದ್ರೆ ರಷ್ಯಾದ ಮನಃಶಾಸ್ತ್ರಜ್ಞ ವೈಗೋಟ್‌ಸ್ಕಿ ಓದಿದ ಮೇಲೆ ಹಾಗೆ ಎದ್ದು ಬರೋಕೆ ಮನಸ್ಸು ಒಪ್ಪಲ್ಲ. ಮಗು ಒಬ್ಬನೇ ಏನು ಮಾಡ್ತಾನೆ ಅನ್ನೋದಕ್ಕಿಂತ ಯಾರಾದ್ರೂ ಪಕ್ಕದಲ್ಲಿ ಕೂತು ಸ್ವಲ್ಪ ಕೈ ಹಿಡಿದ್ರೆ ಎಲ್ಲಿಗೆ ಹೋಗ್ತಾನೆ ಅಂತ ನೋಡಿ ಅಂದವರು ಅವರು, 1934ರಲ್ಲಿ 37ನೇ ವಯಸ್ಸಿಗೇ ಕ್ಷಯ ಬಂದು ತೀರಿಕೊಂಡ್ರು. ನಾನು "ಪುಸ್ತಕ"ದ ಚೀಟಿಯಲ್ಲಿ ಸ ಕೆಳಗಿನ ತ ಒತ್ತನ್ನ ಬೆರಳಿಂದ ಮುಚ್ಚಿದೆ, ಓದು ಅಂದೆ, ತೆಗೆದೆ, ಈಗ ಓದು ಅಂದೆ. ಬರೀ ಒತ್ತನ್ನ ಪೆನ್ಸಿಲಲ್ಲಿ ದೊಡ್ಡದಾಗಿ ಬರೆದು ತೋರಿಸಿದೆ. "ಪುಸ್...ತಕ" ಅಂದ, ಇನ್ನೊಂದು ಸಲ ಅಂದ, ನಕ್ಕ. ಆಮೇಲೆ ಏನೂ ಹೇಳದೆ "ರಸ್ತೆ" ಇಟ್ಟೆ, ಓದಿದ. "ಕಸ್ತೂರಿ" ಇಟ್ಟೆ, ಓದಿದ. ಅರ್ಧ ಗಂಟೇನೂ ಆಗಿರ್ಲಿಲ್ಲ. ನನಗೆ ಗಂಟಲು ಕಟ್ಟಿತು. ಇಷ್ಟು ಬೇಗ ಹಿಡಿಯೋ ಮಗುವಿಗೆ ಮಂದ ಅಂತ ಹೆಸರು.

ಹಂಗಂತ ತೊಂದರೆ ಏನೂ ಇಲ್ಲ ಅಂತ ಒಂದೇ ದಿನದಲ್ಲಿ ಹೇಳೋ ಹಾಗಿಲ್ಲ. ಕಲಿಕಾ ನ್ಯೂನತೆ, ಅಂದ್ರೆ ಬುದ್ಧಿ ಚೆನ್ನಾಗಿದ್ದೂ ಓದು, ಬರಹ, ಲೆಕ್ಕ ಹತ್ತದೇ ಇರೋದು, ನಿಜವಾಗಿ ಇರೋ ಮಕ್ಕಳೂ ಇದ್ದಾರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದೂ ಸೇರಿದೆ, ಅಂಥ ಮಕ್ಕಳಿಗೆ ಸರ್ಟಿಫಿಕೇಟು, ಪರೀಕ್ಷೆಯಲ್ಲಿ ಹೆಚ್ಚಿನ ಟೈಮು ಸಿಗಲೇಬೇಕು. ಆದ್ರೆ ಸರಿಯಾಗಿ ಕಲಿಸಿ ನೋಡಿದ ಮೇಲಷ್ಟೇ ಆ ಮಾತು. 1905ರಲ್ಲಿ ಬಿನೆ ಮತ್ತು ಸಿಮೋನ್ ಪ್ಯಾರಿಸಲ್ಲಿ ಮೊದಲ ಬುದ್ಧಿ ಪರೀಕ್ಷೆ ಮಾಡಿದ್ದೇ ಯಾವ ಮಕ್ಕಳಿಗೆ ಹೆಚ್ಚು ಸಹಾಯ ಬೇಕು ಅಂತ ಹುಡುಕೋಕೆ, ಹಣೆಪಟ್ಟಿ ಅಂಟಿಸೋಕಲ್ಲ.

ಸಂಜೆ ಅವನ ಅಮ್ಮ ಕೆಲಸದಿಂದ ನೇರ ಬಂದ್ರು, ಸೆರಗಲ್ಲಿ ಸಿಮೆಂಟು ಹಾಗೇ ಇತ್ತು. "ಅಕ್ಕಾರ, ಇಂವ ಶಾಣ್ಯಾ ಅದಾನ್ರಿ, ನಮ್ಮ ತಿರಗಾಟದಾಗ ಹಿಂಗ ಆಗ್ಯದ" ಅಂದ್ರು. ನಾನು ದಿನಪೂರ್ತಿ ಕೂತು ಕಂಡುಕೊಂಡಿದ್ದನ್ನ ಅವರು ಒಂದೇ ಮಾತಲ್ಲಿ ಹೇಳಿಬಿಟ್ರು, ಅವರನ್ನ ಯಾರೂ ಕೇಳಿರಲೇ ಇಲ್ಲ ಅಷ್ಟೇ. ದೀಪಾವಳಿ ಆದ್ಮೇಲೆ ಸೈಟು ಪನ್ವೇಲ್ ಕಡೆ ಹೋಗುತ್ತೆ ಅಂತಾನೂ ಹೇಳಿದ್ರು.

ಹಂಗಾಗಿ ಕಾಲೇಜಿಗೆ ಕೊಟ್ಟ ರಿಪೋರ್ಟಲ್ಲದೆ ಒಂದು ಪುಟದ ಕಾಗದ ಬೇರೆ ಬರೆದೆ, ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು, ಮುಂದಿನ ಶಾಲೆಗೆ ತೋರಿಸೋಕೆ. ಈ ಮಗುವಿಗೆ ಸರಳ ಪದ ಓದೋಕೆ ಬರುತ್ತೆ, ಒತ್ತಕ್ಷರ ಕಲಿಸೋದು ಬಾಕಿ ಇದೆ, ತೋರಿಸಿಕೊಟ್ಟರೆ ಬೇಗ ಹಿಡೀತಾನೆ, ದಯವಿಟ್ಟು ಕೆಳಗಿನ ಕ್ಲಾಸಿಗೆ ಹಾಕಬೇಡಿ ಅಂತ. ಗೈಡ್ ಮೇಡಂ ಓದಿ, ಕೆಳಗೆ ಅವರೂ ಸೈನ್ ಹಾಕಿದ್ರು. ಡಿಸರ್ಟೇಶನ್‌ಗೂ ಇದೇ ವಿಷಯ ಒಪ್ಪಿಗೆ ಆಗಿದೆ, ಮುಂಬೈಯ ಕನ್ನಡ ಶಾಲೆಗಳಲ್ಲಿ ಊರಿಂದೂರಿಗೆ ಹೋಗೋ ಮಕ್ಕಳ ಒತ್ತಕ್ಷರ ಕಲಿಕೆ. ಈಗ ರಾತ್ರಿ ಕೂತು ಪದಗಳ ಪಟ್ಟಿ ಮಾಡ್ತಾ ಇದ್ದೀನಿ.