ರೋಹು ಮೀನು ಮರಿಗಳ ಮೇವಿಗೆ ಫೈಟೇಸ್: ಆರನೇ ವಾರ

ಮೊದಲ ಎರಡು ವಾರ ಸುಮ್ನೆ ಹೋದವು. ಶೇಂಗಾ ಹಿಂಡಿ, ಅಕ್ಕಿ ತೌಡು ಬೇಯಿಸುವಾಗಲೇ ಫೈಟೇಸ್ ಪುಡಿ ಹಾಕಿಬಿಟ್ಟಿದ್ದೆ. ಫೈಟೇಸ್ ಮೇವಿನಲ್ಲಿ ಬಿಗಿದುಕೊಂಡ ರಂಜಕವನ್ನು ಬಿಡಿಸುವ ಎಂಜೈಮ್, ಎಂಜೈಮ್ ಅಂದರೆ ಪ್ರೋಟೀನು. ಕುದಿಯುವ ನೀರಿಗೆ ಬಿದ್ದರೆ ಅದರ ಕಥೆ ಮುಗಿಯಿತು.

ಇಷ್ಟೆಲ್ಲ ಯಾಕೆ ಅಂದರೆ, ತೌಡಿನಲ್ಲಿ ರಂಜಕ ಬೇಕಾದಷ್ಟಿದೆ, ಆದರೆ ಅದರ ಬಹುಪಾಲು ಫೈಟೇಟ್ ಅನ್ನುವ ಸಂಯುಕ್ತವಾಗಿ ಬಿಗಿದುಕೊಂಡಿರುತ್ತದೆ. ಸತು, ಕ್ಯಾಲ್ಸಿಯಂಗಳನ್ನೂ ಫೈಟೇಟ್ ಹಿಡಿದಿಟ್ಟುಕೊಳ್ಳುತ್ತದೆ. ಬಿಡಿಸಲು ಬೇಕಾದಷ್ಟು ಫೈಟೇಸ್ ಮೀನಿನ ಕರುಳಿನಲ್ಲಿ ಇಲ್ಲ. ದಕ್ಕದ ರಂಜಕ ಹಿಕ್ಕೆಯ ಜೊತೆ ಹೊಂಡ ಸೇರುತ್ತದೆ, ಪಾಚಿ ಬೆಳೆಸುತ್ತದೆ. ಬೇಸಿಗೆಯಲ್ಲಿ ನಮ್ಮ ಕೃಷಿ ಹೊಂಡ ಹಸಿರು ತಿರುಗುವುದನ್ನು ನೋಡಿ ನೋಡಿ ಸಾಕಾಗಿತ್ತು.

ಇನ್ನೊಂದು ತೊಡಕು. ರೋಹುವಿಗೆ ಜಠರವೇ ಇಲ್ಲ! ತಿಂದದ್ದು ನೇರ ಕರುಳಿಗೆ ಹೋಗುತ್ತದೆ, ಅಲ್ಲಿ ಹುಳಿ ಇಲ್ಲ. ಮಾರಾಟಕ್ಕೆ ಸಿಗುವ ಫೈಟೇಸ್ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 5ರ ಆಸುಪಾಸಿನಲ್ಲಿ, ಅಂದರೆ ಸ್ವಲ್ಪ ಹುಳಿ ಇದ್ದಾಗ. ಮುಂಬೈನ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯವರು ರೋಹು ಮರಿಗಳಿಗೆ ಫೈಟೇಸ್ ಜೊತೆ ಸಿಟ್ರಿಕ್ ಆಮ್ಲ ಕೊಟ್ಟು ನೋಡಿದ್ದರು. ಎರಡೂ ಸೇರಿದಾಗ ಖನಿಜಗಳು ಹೆಚ್ಚು ದಕ್ಕಿದವು. ಅದನ್ನು ಓದಿದ ಮೇಲೆ ನನಗೆ ಅನಿಸಿದ್ದು, ಆ ಕೆಲಸ ಮೀನಿನ ಕರುಳು ಸೇರುವ ಮೊದಲು ಬಕೆಟ್‌ನಲ್ಲೇ ಆಗಲಿ ಅಂತ.

ಈಗ ಮಾಡುತ್ತಿರುವುದು ಹೀಗೆ. ಹಿಂಡಿ, ತೌಡು ಬೇಯಿಸಿ ಉಗುರು ಬೆಚ್ಚಗಾಗುವ ತನಕ ಆರಿಸುತ್ತೇನೆ. ನಿಂಬೆ ಉಪ್ಪು (ಅದೇ ಸಿಟ್ರಿಕ್ ಆಮ್ಲ) ಚೂರು ಚೂರೇ ಕಲಸಿ, ಪಿಎಚ್ ಪಟ್ಟಿ 5 ತೋರಿಸಿದಾಗ ನಿಲ್ಲಿಸುತ್ತೇನೆ. ಕಿಲೋ ಮೇವಿಗೆ 750 ಯೂನಿಟ್ ಫೈಟೇಸ್. ನನ್ನ ಪುಡಿ ಗ್ರಾಂಗೆ 5000 ಯೂನಿಟ್‌ನದು, ಅಂದರೆ ಬೇಕಾದ್ದು 0.15 ಗ್ರಾಂ. ಅಷ್ಟನ್ನು ತೂಗುವುದು ಕಷ್ಟ ಅಲ್ವಾ? ಅದಕ್ಕೆ 1.5 ಗ್ರಾಂ ಪುಡಿಯನ್ನು ಒಣ ತೌಡಿಗೆ ಬೆರೆಸಿ ಒಟ್ಟು 100 ಗ್ರಾಂ ಮಾಡಿಟ್ಟಿದ್ದೇನೆ. ಅದರಲ್ಲಿ 10 ಗ್ರಾಂ ತೆಗೆದು ಹಾಕಿದರೆ ಲೆಕ್ಕ ಸರಿ. ನಾಲ್ಕು ಗಂಟೆ ಮುಚ್ಚಿಟ್ಟು, ಮೈದಾ ಸೇರಿಸಿ, ಚಕ್ಕುಲಿ ಒರಳಿನಲ್ಲಿ ಒತ್ತಿ ನೆರಳಲ್ಲಿ ಒಣಗಿಸುತ್ತೇನೆ.

ಒಂದೇ ಹೊಂಡದಲ್ಲಿ ಎರಡು ಹಾಪಾ (ನೀರಿನಲ್ಲಿ ಕಟ್ಟುವ ಬಲೆಯ ತೊಟ್ಟಿ), ಒಂದೊಂದರಲ್ಲಿ 40 ಮರಿ. ಹೊಸ ಮೇವು ಶುರು ಮಾಡಿದ ದಿನ ಎರಡರಲ್ಲೂ ಸರಾಸರಿ 18 ಗ್ರಾಂ ಇತ್ತು. ನಾಲ್ಕು ವಾರದ ನಂತರ ಬರೀ ಮೇವಿನವು 27, ಫೈಟೇಸ್ ತಿಂದವು 30. ತೂಗುವಾಗ ಕೈ ನಡುಗಿತು, ಅಷ್ಟು ಖುಷಿಯಾಯಿತು. ಆದರೆ ಫೈಟೇಸ್ ಹಾಪಾ ನೀರು ಬರುವ ಕಡೆಗಿದೆ, ಅಲ್ಲಿ ಗಾಳಿಯಾಡುವುದು ಜಾಸ್ತಿ. ಈ 3 ಗ್ರಾಂ ಅದರಿಂದಲೂ ಬಂದಿರಬಹುದು. ನಿನ್ನೆ ಸಂಜೆ ಹಾಪಾಗಳ ಜಾಗ ಅದಲು ಬದಲು ಮಾಡಿದೆ. ಮುಂದಿನ ತೂಕ 15 ದಿನಕ್ಕೆ.