ಬೀದರ್ ನಕ್ಷೆ: ಶಾಗಂಜ್‌ನಿಂದ ತಾಲಘಾಟ್‌ವರೆಗೆ ಮುಳ್ಳಿನೊಂದಿಗೆ ಜಗಳ

ಹವ್ಯಾಸಕ್ಕೆಂದು ಕಂಪಾಸು, ಟೇಪು ಹಿಡಿದು ಬರೆಯುತ್ತಿರುವ ಬೀದರ್ ನಕ್ಷೆಯ ಸುತ್ತು ಕೂಡಿತು. ಶಾಗಂಜ್ ದರ್ವಾಜಾದಿಂದ ಹೊರಟು, ಬೀದರಿನ ಹಳೆಯ ಊರಗೋಡೆಯ ಒಳಮಗ್ಗುಲಿನ ಓಣಿಗಳನ್ನೇ ಹಿಡಿದು ನಡೆದು ಮತ್ತೆ ಶಾಗಂಜ್‌ಗೆ ಬಂದರೆ, ಈಗ ಕಾಗದದ ಮೇಲೂ ಶಾಗಂಜ್‌ಗೇ ಬರುತ್ತೇನೆ. ಇಲ್ಲಿಯವರೆಗೆ ಕಾಗದ ನನ್ನನ್ನು ದರ್ವಾಜಾದಿಂದ 50 ಮೀಟರ್ ಆಚೆ, ಯಾರದೋ ಹಿತ್ತಲಲ್ಲಿ ತಂದು ನಿಲ್ಲಿಸುತ್ತಿತ್ತು.

ಟ್ರಾವರ್ಸ್ (ನಿಲ್ದಾಣದಿಂದ ನಿಲ್ದಾಣಕ್ಕೆ ದಿಕ್ಕು, ದೂರ ಅಳೆಯುತ್ತ ಸಾಗುವುದು) ಹಾಕುವ ಬಗೆ, ಫೀಲ್ಡ್ ಬುಕ್ ಬರೆಯುವ ಕ್ರಮ ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ. ದಕ್ಷಿಣದ ಫತೇ ದರ್ವಾಜಾ, ಪೂರ್ವದ ಮಂಗಲಪೇಟೆ ದರ್ವಾಜಾ, ಆಮೇಲೆ ದುಲ್ಹನ್ ದರ್ವಾಜಾ: ಆ ಭಾಗವೆಲ್ಲ ತಕರಾರಿಲ್ಲದೆ ಮುಗಿದಿತ್ತು. ತಲೆ ತಿಂದದ್ದು ಪಶ್ಚಿಮದ ಶಾಗಂಜ್‌ನಿಂದ ವಾಯವ್ಯದ ತಾಲಘಾಟ್‌ವರೆಗಿನ ಚಿಕ್ಕ ತುಂಡು. ಉಪಗ್ರಹದ ಚಿತ್ರ ನೋಡಿ ಗೆರೆ ಎಳೆದರೆ ಸಾಲದೇ ಎಂದು ಕೇಳುವವರಿಗೆ ಉತ್ತರ: ಅಲ್ಲಿ ಓಣಿಯ ಮೇಲೆ ತಗಡು, ತಗಡಿನ ಪಕ್ಕ ಬೇವು, ಗೋಡೆಯ ಬುಡದಲ್ಲಿ ಮನೆ. ಮೇಲಿನಿಂದ ಏನೂ ಕಾಣದು. ಮೊಬೈಲಿನ ಜಿಪಿಎಸ್ ನಂಬಿದರೆ, ನಾನು ಮೂರು ಮನೆಗಳ ಅಡುಗೆಕೋಣೆ ದಾಟಿ ಕಂದಕಕ್ಕೆ ಇಳಿದಂತೆ ತೋರಿಸುತ್ತದೆ.

ಊರಿನಲ್ಲಿ ಅತ್ಯಂತ ಸದ್ದಿಲ್ಲದ ಭಾಗವೂ ಇದೇ. ಪ್ರವಾಸಿಗರು ಕೋಟೆಯಿಂದ ಮಹಮೂದ್ ಗಾವಾನನ ಮದರಸಾಗೆ, ಅಲ್ಲಿಂದ ಚೌಬಾರಾಕ್ಕೆ ನೆಟ್ಟಗಿನ ರಸ್ತೆಯಲ್ಲೇ ಬಂದು, ಒಂದು ಬಿದ್ರಿ ಹೂದಾನಿ ಕೊಂಡು ಹೊರಟುಹೋಗುತ್ತಾರೆ. ಬರೀದ್‌ಶಾಹಿ ಸುಲ್ತಾನ ಅಲಿ ಬರೀದನ ಕಾಲದಲ್ಲಿ, 16ನೇ ಶತಮಾನದ ನಡುವೆ ಎದ್ದ ಗೋಡೆ ಈ ಹಿಂದಿನ ಓಣಿಗಳಲ್ಲಿ ಇಂದಿಗೂ ದುಡಿಯುತ್ತಿದೆ. ಕೆಲವು ಮನೆಗಳಿಗೆ ಅದೇ ಹಿಂಗೋಡೆ. ಬಟ್ಟೆ ಒಣಗಿಸುವ ಹಗ್ಗದ ಮೊಳೆಯೂ ಅದಕ್ಕೇ. ಮುರಕಲ್ಲಿನ ತೂತುಗಳಲ್ಲಿ ಗೊರವಂಕಗಳ ಸಂಸಾರ. ನಕ್ಷೆಯ ನೆವವಿಲ್ಲದಿದ್ದರೆ ನಾನೂ ಇಲ್ಲಿಗೆ ಬರುತ್ತಿರಲಿಲ್ಲ.

ಸಮಸ್ಯೆ ಕಂಪಾಸಿನ ಮುಳ್ಳಿನದು. ಮುಂದಿನ ನಿಲ್ದಾಣಕ್ಕೆ ಹಿಡಿದ ಬೇರಿಂಗಿಗೂ (ಉತ್ತರದಿಂದ ಅಳೆದ ದಿಕ್ಕಿನ ಕೋನ) ಅಲ್ಲಿಂದ ಹಿಂತಿರುಗಿ ಹಿಡಿದ ಬೇರಿಂಗಿಗೂ 180 ಡಿಗ್ರಿ ವ್ಯತ್ಯಾಸ ಬರಬೇಕಷ್ಟೆ? ಈ ತುಂಡಿನಲ್ಲಿ 173 ಬರುತ್ತಿತ್ತು, 186 ಬರುತ್ತಿತ್ತು, ಒಮ್ಮೊಮ್ಮೆ ಸರಿಯಾಗಿ 180 ಬಂದು ಅನುಮಾನ ಹುಟ್ಟಿಸುತ್ತಿತ್ತು. 40 ಮೀಟರಿನ ಗೆರೆಯಲ್ಲಿ 7 ಡಿಗ್ರಿ ತಪ್ಪಿದರೆ ಪಕ್ಕಕ್ಕೆ ಸುಮಾರು 5 ಮೀಟರ್ ಜಾರಿದಂತೆ. ಹಾಗೆ ಜಾರಿದ್ದೆಲ್ಲ ಬಹುಪಾಲು ಒಂದೇ ಕಡೆಗೆ. ಬೌಡಿಚ್ ನಿಯಮ ಹಾಕಿ ತಪ್ಪನ್ನು ಇಡೀ ಸುತ್ತಿಗೆ ಹಂಚಿದರೆ, ಏನೂ ತಪ್ಪು ಮಾಡದ ಮಂಗಲಪೇಟೆಯೂ ದಂಡ ಕಟ್ಟಬೇಕಾಗುತ್ತದೆ. ಅದು ನ್ಯಾಯವಲ್ಲ.

ಮೊದಲ ಅನುಮಾನ ಮುರಕಲ್ಲಿನ ಮೇಲೆ. ಊರಿಗೆ ಊರೇ ಮುರಕಲ್ಲಿನ ಪ್ರಸ್ಥಭೂಮಿಯ ಮೇಲೆ ಕುಳಿತಿದೆ, ಆ ಕೆಂಪೆಲ್ಲ ಕಬ್ಬಿಣದ್ದು. ಬಿದ್ದಿದ್ದ ಒಂದು ಚೂರನ್ನು ಮೇಜಿನ ಮೇಲಿಟ್ಟು ಕಂಪಾಸಿನ ಸುತ್ತ ತಿರುಗಿಸಿದೆ. ಮುಳ್ಳು ಮಿಸುಕಲಿಲ್ಲ. ಆ ಮೇಲೆ ಬಿದ್ರಿ ಕೆಲಸದವರ ಓಣಿಯಲ್ಲೂ ಪರೀಕ್ಷಿಸಿದೆ. ಬಿದ್ರಿಯಲ್ಲಿರುವುದು ಸತು ಮತ್ತು ತಾಮ್ರ, ಕೂರಿಸುವುದು ಬೆಳ್ಳಿ. ಮೂರೂ ಅಯಸ್ಕಾಂತಕ್ಕೆ ಸೊಪ್ಪು ಹಾಕುವುದಿಲ್ಲ. ಮುಳ್ಳನ್ನು ಎಳೆಯುತ್ತಿದ್ದದ್ದು ಅಂಗಡಿಯ ರೋಲಿಂಗ್ ಶಟರ್, ಕಿಟಕಿಯ ಸರಳು, ವಿದ್ಯುತ್ ಕಂಬ, ಎಲ್ಲಕ್ಕಿಂತ ಮುಖ್ಯವಾಗಿ ಆಟೋ. ಆಟೋದ ದುಷ್ಟತನ ಬೇರೆಯೇ ಮಟ್ಟದ್ದು: ಮುಂದಿನ ಬೇರಿಂಗ್ ಹಿಡಿಯುವಾಗ ಪಕ್ಕದಲ್ಲಿ ನಿಂತಿರುತ್ತದೆ, ಹಿಂದಿನದನ್ನು ಹಿಡಿಯುವಷ್ಟರಲ್ಲಿ ಬಾಡಿಗೆಗೆ ಹೋಗಿರುತ್ತದೆ. ಇಂತಹ ಆಕರ್ಷಣೆಗೆ ತಿದ್ದುಪಡಿ ಮಾಡುವುದು ಹೇಗೆ?

ಇದರ ಮೇಲೆ ಸರಬರಾಜುದಾರರ ಕೃಪೆ. ನಾನು ತರಿಸಿದ್ದು ಫೈಬರ್ ಟೇಪು, ಬಂದದ್ದು ಉಕ್ಕಿನ ಟೇಪು. ಹಿಂದಕ್ಕೆ ಕಳಿಸುತ್ತೇನೆಂದರೆ ‘ಉಕ್ಕಿನದು ಇನ್ನೂ ಗಟ್ಟಿ ಸರ್’ ಎಂಬ ಸಮಾಧಾನ. ಕಂಪಾಸಿನ ಕಾಲಡಿಯಲ್ಲಿ ಉಕ್ಕಿನ ಪಟ್ಟಿ ಹಾಸುವುದೆಂದರೆ ಕಳ್ಳನಿಗೆ ಬೀಗದ ಕೈ ಕೊಟ್ಟಂತೆ. ಟ್ರೇಸಿಂಗ್ ಕಾಗದ ಕಳಿಸಿದ ಇನ್ನೊಬ್ಬ ಮಹಾನುಭಾವ ಕೊಳವೆಯ ಹಣ ಉಳಿಸಲು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಳಿಸಿದ್ದ.

ಒಂದೇ ನಿಲ್ದಾಣದಲ್ಲಿ ಒಂದೇ ಹೊತ್ತಿಗೆ ಹಿಂದೆ ಮುಂದೆ ಎರಡೂ ಬೇರಿಂಗ್ ಹಿಡಿದು, ಎರಡರ ನಡುವಿನ ಒಳಕೋನವನ್ನಷ್ಟೇ ಬಳಸಿದರೆ ಆಕರ್ಷಣೆ ಕಳೆದುಹೋಗುತ್ತದೆ ಎಂದು ನಿಮ್ಮಲ್ಲಿ ಅರ್ಧ ಜನ ಈಗಾಗಲೇ ಹೇಳುತ್ತಿರುತ್ತೀರಿ. ನಿಜ. ಆದರೆ ಓಣಿ 12 ಮೀಟರಿಗೊಮ್ಮೆ ತಿರುಗುತ್ತದೆ, ಕಂಪಾಸು ಓದುವುದು ಅರ್ಧ ಡಿಗ್ರಿಗೆ. ಪ್ರತಿ ತಿರುವಿನ ಅರ್ಧ ಡಿಗ್ರಿಯೂ ಮುಂದಿನ ತಿರುವಿನ ತಲೆಯ ಮೇಲೆ ಕೂರುತ್ತದೆ. ತಾಲಘಾಟ್ ತಲುಪುವ ಹೊತ್ತಿಗೆ ಗೆರೆ ಮತ್ತೆ ತನ್ನ ಹಟಕ್ಕೆ ಮರಳಿತ್ತು. ನಡುನಡುವೆ ಅದನ್ನು ಗಟ್ಟಿ ಗೂಟಕ್ಕೆ ಕಟ್ಟಬೇಕಿತ್ತು.

ಗೂಟ ಸಿಕ್ಕಿದ್ದು ಮಾಳಿಗೆಯ ಮೇಲೆ. ಓಣಿಯಲ್ಲಿ ಟೇಪು ಹಿಡಿದವನನ್ನು ಯಾವ ಹಳೆಯ ಊರೂ ನಂಬುವುದಿಲ್ಲ. ಒಬ್ಬ ಅಜ್ಜಿ ಬಾಗಿಲಲ್ಲೇ ತಡೆದು, “ರಸ್ತೆ ಅಗಲ ಮಾಡಲು ಬಂದಿದ್ದೀಯೇನಪ್ಪಾ?” ಎಂದು ಕೇಳಿದರು. ಇಲ್ಲ ಅಜ್ಜಿ, ಹವ್ಯಾಸಕ್ಕೆ ನಕ್ಷೆ ಬರೆಯುತ್ತಿದ್ದೇನೆ ಎಂದೆ. “ಸಂಬಳ ಇಲ್ಲವೇ?” ಇಲ್ಲ. “ಹಾಗಾದರೆ ಮೇಲೆ ಹತ್ತು, ಅಲ್ಲಿ ಗಾಳಿಯಾದರೂ ಇದೆ.” ಹತ್ತಿದೆ. ಚೌಬಾರಾದ 71 ಅಡಿಯ ದುಂಡು ಬುರುಜು ಒಂದು ಕಡೆ, 1472ರ ಮದರಸಾದ 131 ಅಡಿಯ ಮಿನಾರು ಇನ್ನೊಂದು ಕಡೆ, ಪಶ್ಚಿಮಕ್ಕೆ ಒಂದು ಮೊಬೈಲ್ ಟವರ್. ಮದರಸಾದ ಜೋಡಿ ಮಿನಾರುಗಳಲ್ಲಿ ಇನ್ನೊಂದು 1696ರ ಸಿಡಿಮದ್ದಿನ ಸ್ಫೋಟದಲ್ಲಿ ಕುಸಿಯಿತು. ಇತಿಹಾಸಪ್ರಿಯರು ಕ್ಷಮಿಸಲಿ, ಒಂದೇ ಉಳಿದದ್ದರಿಂದ ನನಗೆ ಯಾವುದಕ್ಕೆ ಗುರಿ ಹಿಡಿದೆ ಎಂಬ ಗೊಂದಲವಿಲ್ಲ.

ಮೂರು ಗುರುತುಗಳ ನೆಲೆ ಗೊತ್ತಿದೆ, ನಾನು ನಿಂತ ನೆಲೆ ಗೊತ್ತಿಲ್ಲ: ಹಳೆಯ ರಿಸೆಕ್ಷನ್ ಲೆಕ್ಕ. ಮಾಳಿಗೆಯ ಮೇಲೂ ಕಬ್ಬಿಣವಿದೆ, ಪಿಲ್ಲರಿನ ಸರಳು ಚಾಚಿಕೊಂಡಿವೆ. ಇರಲಿ. ಮುಳ್ಳು ಎಷ್ಟು ಡಿಗ್ರಿ ಕೆಟ್ಟರೂ ಮೂರು ಬೇರಿಂಗುಗಳೂ ಅಷ್ಟೇ ಕೆಡುತ್ತವೆ, ನಡುವಿನ ಕೋನಗಳಿಗೆ ಧಕ್ಕೆಯಿಲ್ಲ. ಆ ಕೋನಗಳಿಗೆ ತಕ್ಕಂತೆ ಟ್ರೇಸಿಂಗ್ ಹಾಳೆಯಲ್ಲಿ ಒಂದು ಚುಕ್ಕೆಯಿಂದ ಮೂರು ಕಿರಣ ಎಳೆದು, ಮೂರೂ ತಮ್ಮ ತಮ್ಮ ಗುರುತಿನ ಮೇಲೆ ಹಾಯುವವರೆಗೆ ನಕ್ಷೆಯ ಮೇಲೆ ಜಾರಿಸಿದರೆ, ಚುಕ್ಕೆ ಇರುವಲ್ಲಿ ಅಜ್ಜಿಯ ಮಾಳಿಗೆ. ಅಲ್ಲಿಂದ ಓಣಿಗೆ ಒಂದು ತೂಗುಗುಂಡು ಇಳಿಬಿಟ್ಟರೆ ಆಯಿತು.

ಈ ಉಪಾಯ ತಲೆಗೆ ಹತ್ತಿದ ಮೇಲೆ ಮನಸ್ಸು ಸೀದಾ ಬೀದರಿನ ಪಕ್ಕದ ನೌಬಾದ್‌ಗೆ ಓಡಿದೆ. ಅಲ್ಲಿನ ಸುರಂಗಬಾವಿ, ಅಂದರೆ ಕರೇಜ್, ನೆಲದೊಳಗಿನ ಕಾಲುವೆ. ಮೇಲೆ ಕಾಣುವುದು ಗಾಳಿಗಿಂಡಿಗಳ ಬಾಯಿಗಳು ಮಾತ್ರ. ಒಂದೊಂದು ಬಾಯಿಯನ್ನೂ ಹೀಗೆ ಕೂರಿಸಿದರೆ ನೆಲದ ಕೆಳಗಿನ ಗೆರೆ ನೆಲದ ಮೇಲೆ ಮೂಡುತ್ತದೆ. ಬಯಲು ಸೀಮೆ, ಆಟೋಗಳಿಲ್ಲ. ತೂತಿಲ್ಲದ ಬಕೆಟು ಮತ್ತು ಉದ್ದ ಹಗ್ಗ ಈಗಲೇ ಹೊಂದಿಸುತ್ತಿದ್ದೇನೆ, ನೀರಿನ ಆಳವನ್ನೂ ನೋಡುವ ಆಸೆ.

ಮತ್ತೆ ಶಾಗಂಜ್‌ಗೆ. ಹೀಗೆ ಹತ್ತಿದ ಮಾಳಿಗೆಗಳ ಪೈಕಿ ಎರಡರಲ್ಲಿ ಹಾಳೆ ಎಲ್ಲಿಟ್ಟರೂ ಕೂರುತ್ತಿತ್ತು! ಚುಕ್ಕೆಯನ್ನು ಅತ್ತಿತ್ತ ಸರಿಸಿದರೂ ಮೂರು ಕಿರಣಗಳೂ ತಕರಾರಿಲ್ಲದೆ ಗುರುತಿಗೆ ಹಾಯುತ್ತಿದ್ದವು. ಇದು ಅಪಾಯವೃತ್ತ: ಮೂರು ಗುರುತುಗಳ ಮೂಲಕ ಹಾಯುವ ವೃತ್ತದ ಮೇಲೆಯೇ ನೀವೂ ನಿಂತಿದ್ದರೆ ಕೋನಗಳು ಏನನ್ನೂ ಹೇಳುವುದಿಲ್ಲ. ಅಲ್ಲಿ ಟವರನ್ನು ಕೈಬಿಟ್ಟು ದೂರದ ಒಂದು ನೀರಿನ ಟ್ಯಾಂಕಿಗೆ ಗುರಿ ಹಿಡಿದೆ, ಚುಕ್ಕೆ ಬಾಲ ಮಡಚಿ ಒಂದೇ ಕಡೆ ನಿಂತಿತು.

ಈಗ ಉಳಿದ ತಪ್ಪು 3 ಮೀಟರ್. ಅದನ್ನು ಬೌಡಿಚ್‌ಗೆ ಒಪ್ಪಿಸಿದ್ದೇನೆ, ಮಂಗಲಪೇಟೆಯೂ ಇಷ್ಟನ್ನು ಸಹಿಸಿಕೊಳ್ಳಬಹುದು. ಮಸಿಯಲ್ಲಿ ಎಳೆಯುವ ಮೊದಲು ಇನ್ನೊಂದು ಕೆಲಸವಿದೆ: ದುಲ್ಹನ್ ದರ್ವಾಜಾದ ಹತ್ತಿರದ ಒಂದೇ ಓಣಿಗೆ ಎದುರುಬದುರು ಮನೆಯವರು ಎರಡು ಹೆಸರು ಹೇಳಿದ್ದಾರೆ, ಇಬ್ಬರೂ ಪಟ್ಟು ಬಿಡುತ್ತಿಲ್ಲ. ಸದ್ಯಕ್ಕೆ ಎರಡನ್ನೂ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.