ನೆರೆ ಇಳಿದ ಮೇಲೆ ಬಾವಿ ತೊಳೆಯುವುದು

20 ಜುಲೈ 2025, ಭಾನುವಾರ
ಮೂಡಿಗೆರೆ

ಪುಷ್ಯ ಮಳೆ ಹಿಡಿದಿದೆ. ಇದರ ಬೆನ್ನಿಗೆ ಆಶ್ಲೇಷಾ. 2019ರಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದದ್ದು ಆ ಮಳೆಯಲ್ಲೇ. ನೆರೆ ಬಂದಾಗ ಲಾರಿಗಟ್ಟಲೆ ಬಾಟಲಿ ನೀರು ಬರುತ್ತೆ, ನಾಲ್ಕು ದಿನಕ್ಕೆ ಖರ್ಚಾಗುತ್ತೆ, ಖಾಲಿ ಬಾಟಲಿ ಹಳ್ಳ ಸೇರುತ್ತೆ. ಕಾಳಜಿ ಕೇಂದ್ರದಿಂದ ಮನೆಗೆ ಮರಳಿದವರಿಗೆ ಬೇಕಾದದ್ದು ಅವರ ಬಾವಿ. ನೆರವಿಗೆ ಹೋಗುವ ಹುಡುಗರಿಗೆ ಅನುಕೂಲವಾಗಲಿ ಅಂತ ಅದನ್ನು ತೊಳೆಯುವ ಕ್ರಮ ಬರೆದಿಡುತ್ತಿದ್ದೇವೆ.

ಮೊದಲು ಬಾವಿಯೊಳಗಿನ ಜೀವಗಳು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತೆ, ಆಮೇಲೆ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ತಾಗಿದರೆ ಉಳಿಯಲ್ಲ. ಉದ್ದ ಕೋಲಿಗೆ ಮಂಕರಿ ಕಟ್ಟಿ ಎತ್ತಿ, ದೂರದ ನೆರಳಲ್ಲಿ ಬಿಡಬೇಕು. ಮುಟ್ಟುವುದಾದರೆ ಕೈ ಒದ್ದೆ ಇರಲಿ, ಸೋಪು ಬ್ಲೀಚಿಂಗ್ ಹತ್ತಿರಬಾರದು. ನೀರೆತ್ತುವ ಪಂಪಿನ ಫುಟ್‌ವಾಲ್ವಿಗೆ (ಪೈಪಿನ ನೀರೆಳೆಯುವ ಬಾಯಿ) ಸೊಳ್ಳೆಪರದೆ ಎರಡು ಸುತ್ತು ಸುತ್ತಿದರೆ ಗೊದಮೊಟ್ಟೆ ಒಳಗೆ ಹೋಗಲ್ಲ. ಕೆಸರು ಕಟ್ಟಿಕೊಂಡಾಗೆಲ್ಲ ಬಿಚ್ಚಿ ಜಾಲಿಸುವ ಕೆಲಸ ಮಾತ್ರ ತಪ್ಪಲ್ಲ. ನೀರಲ್ಲಿ ಕಾಣುವ ಹಾವು ಸಾಮಾನ್ಯವಾಗಿ ನೀರೊಳ್ಳೆ, ವಿಷವಿಲ್ಲ. ಹೆದರಬೇಕಾದ್ದು ಕಟ್ಟೆ ಪಕ್ಕದ ತರಗೆಲೆಯಲ್ಲಿರುವ ವಿಷದ ಹಾವು ಗುಳಿ ಮಂಡಲಕ್ಕೆ. ಆಸ್ಪತ್ರೆಯಲ್ಲಿರುವ ಹಾವಿನ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಕ್ಕೆ ಮಾಡಿದ್ದು, ಗುಳಿ ಮಂಡಲಕ್ಕಲ್ಲ. ಹಾಗಂತ ಆಸ್ಪತ್ರೆ ತಪ್ಪಿಸುವ ಹಾಗಿಲ್ಲ. ಯಾವ ಹಾವು ಕಚ್ಚಿದರೂ ಬಿಗಿದು ಕಟ್ಟಬಾರದು, ಕೊಯ್ಯಬಾರದು.

ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಲೇಬಾರದು. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ದೀಪ ಇಳಿಸಿ ನೋಡಿದರೂ ಗೊತ್ತಾಗಲ್ಲ. ಇನ್ನೊಂದು ಎಡವಟ್ಟು, ಒಂದೇ ಉಸಿರಿಗೆ ಬಾವಿ ಬರಿದು ಮಾಡುವುದು. ಸುತ್ತಲ ಮಣ್ಣು ನೀರು ಕುಡಿದು ನಿಂತಿರುತ್ತೆ. ಒಳಗಿನ ನೀರಿನ ಒತ್ತು ತಪ್ಪಿದರೆ ಬಾವಿಯ ಗೋಡೆಯ ರಿಂಗು ಒಳಕ್ಕೆ ಕುಸಿಯುತ್ತೆ. ಸ್ವಲ್ಪ ಎತ್ತಿ, ಬಿಟ್ಟು, ಮತ್ತೆ ಎತ್ತಬೇಕು. ಕೆಸರು ಉಳಿದರೆ ಹಾಕಿದ ಕ್ಲೋರಿನ್ನನ್ನೆಲ್ಲ ಅದೇ ತಿನ್ನುತ್ತೆ.

ನೀರು ತಿಳಿಯಾದ ಮೇಲೆ ಲೆಕ್ಕ. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತೆ (ಅಳತೆ ಮೀಟರಿನಲ್ಲಿ). 2 ಮೀಟರ್ ಅಗಲ, 3 ಮೀಟರ್ ನೀರು ಅಂದರೆ ಸುಮಾರು 9,400 ಲೀಟರ್. ನೆರೆ ನೀರು ನುಗ್ಗಿದ ಬಾವಿಗೆ 1000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್, ಅಂದರೆ ಈ ಬಾವಿಗೆ 1.4 ಕೆಜಿ. ಪೌಡರ್ ಹಾಗೇ ಸುರಿದರೆ ಸುಣ್ಣ ತಳದಲ್ಲಿ ಕೂರುತ್ತೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಸಲಕ್ಕೆ 100 ಗ್ರಾಂ ಕಲಸಿ, ನೀರು ತುಂಬಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿ ಮಾತ್ರ ಬಾವಿಗೆ. 14 ಸಲ ಮಾಡಬೇಕು, ಬೇಜಾರು, ಆದರೆ ಬೇರೆ ದಾರಿಯಿಲ್ಲ. ಫಿನಾಯಿಲ್, ಆಸಿಡ್ ಹತ್ತಿರಕ್ಕೂ ಬರಬಾರದು, ವಿಷದ ಗಾಳಿ ಏಳುತ್ತೆ. ಕನಿಷ್ಠ 12 ಗಂಟೆ ಬಿಡಬೇಕು. ಅಷ್ಟು ಹೊತ್ತು ಯಾರೂ ಸೇದಬಾರದು, ದನಕ್ಕೂ ಕೊಡಬಾರದು.

ಇಷ್ಟು ಮಾಡಿದವರೂ ಕೊನೆಗೆ ಕ್ಲೋರಿನ್ ತುಂಬಿದ ಈ ನೀರನ್ನು ಎತ್ತಿ ಹಳ್ಳಕ್ಕೆ ಬಿಟ್ಟುಬಿಡುತ್ತಾರೆ. 1 ಪಿಪಿಎಂಗಿಂತಲೂ (ಲೀಟರಿಗೆ 1 ಮಿಲಿಗ್ರಾಂ) ಕಡಿಮೆ ಕ್ಲೋರಿನ್ನಿಗೇ ಮೀನು ಸಾಯುತ್ತೆ, ಇಲ್ಲಿ ಇರುವುದು 50ರ ಹತ್ತಿರ. ನಮ್ಮ ಹಳ್ಳಗಳಲ್ಲಿ ಎಷ್ಟೋ ಹೇಮಾವತಿಗೇ ಸೇರುತ್ತವೆ. ಮಳೆ ಹೊಳವಾದಾಗ, ಹಳ್ಳದಿಂದಲೂ ಬಾವಿಯಿಂದಲೂ ದೂರ, ಜಲ್ಲಿ ರಸ್ತೆಯ ಮೇಲೋ ಬರಿ ಅಂಗಳದಲ್ಲೋ ತೆಳ್ಳಗೆ ಹರಡಬೇಕು. ಘಾಟು ಹೋಗುವವರೆಗೂ ಎತ್ತಬೇಕು.

ಆಮೇಲೆ ದಿನವಹಿ 1000 ಲೀಟರಿಗೆ 2.5 ಗ್ರಾಂ ಸಾಕು. ಹಾಕಿ ಒಂದು ಗಂಟೆಗೆ ಕ್ಲೋರೋಸ್ಕೋಪಿನಲ್ಲಿ (ನೀರಲ್ಲಿ ಉಳಿದ ಕ್ಲೋರಿನ್ ಅಳೆಯುವ ಕಿಟ್) 0.5 ಪಿಪಿಎಂ ತೋರಿಸಬೇಕು. ಅಷ್ಟು ಬರದಿದ್ದರೆ ಒಮ್ಮೆ ಪೌಡರನ್ನೂ ನೋಡಿ: ಗಂಟುಕಟ್ಟಿ ಘಾಟು ಸತ್ತಿದ್ದರೆ ಅದು ಬರೀ ಸುಣ್ಣ. ನಮ್ಮ ಥಂಡಿಗೆ ಬಾಯಿ ಬಿಚ್ಚಿದ ಚೀಲ ಬೇಗ ಕೆಡುತ್ತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗಳಿಗೆ ಹಂಚಿ, ಮೇಲೆ ತಾರೀಕು ಬರೆದು, ಈ ವಾರವೇ ಅಟ್ಟ ಸೇರಿಸಿ.